ತೇಗಕ್ಕೆ ಥಿನ್ನಿಂಗ್ ಯಾವಾಗ?

ಹುಣಸೂರು ಕಡೆ ಕೆಲವರ ತೇಗದ ತೋಟ ನೋಡಿದ್ರೆ ಸಂಕಟ ಆಗುತ್ತೆ. ಎತ್ತರ ಇದೆ, ದಪ್ಪವೇ ಇಲ್ಲ. ಥಿನ್ನಿಂಗ್, ಅಂದ್ರೆ ನಡುನಡುವೆ ಕೆಲವು ಮರ ಕಡಿದು ಉಳಿದವಕ್ಕೆ ಜಾಗ ಬಿಡೋದು, ಮಾಡದಿದ್ರೆ ಹೀಗೇ. 2 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 1,000 ಗಿಡ. ಐದಾರು ವರ್ಷಕ್ಕೆ ನೆತ್ತಿಗಳು (ಮೇಲಿನ ಕೊಂಬೆ-ಎಲೆ) ಒಂದಕ್ಕೊಂದು ತಾಗುತ್ತವೆ. ಆಗ ಓರೆ ಸಾಲುಗಳನ್ನ ಒಂದು ಬಿಟ್ಟು ಒಂದು ತೆಗೆದರೆ 500 ಉಳಿಯುತ್ತೆ. ಹತ್ತನೇ ವರ್ಷದ ಸುತ್ತಿನಲ್ಲಿ ಸಾಲಿನ ಲೆಕ್ಕ ಬೇಡ, ಸೊಟ್ಟ, ಕವಲೊಡೆದದ್ದು, ರೋಗದ್ದು, ನೆರಳಲ್ಲಿ ಸೊರಗಿದ್ದು ಹೋಗಲಿ. ಅರಣ್ಯ ಇಲಾಖೆ ಅನುಮತಿ ಮೊದಲು. ಬಣ್ಣ ಬಳಿದು ಗುರುತು ನೀವೇ ಹಾಕಿ. ವ್ಯಾಪಾರಿಗೆ ಬಿಟ್ಟರೆ ದಪ್ಪ ಮರವೇ ಲಾರಿ ಹತ್ತೋದು!

ತಡಮಾಡಿ ಒಮ್ಮೆಗೇ ತುಂಬ ಮರ ತೆಗೆದು ಬಯಲು ಮಾಡಿದ್ರೆ ಉಳಿದ ಮರಗಳ ಕಾಂಡದ ತುಂಬ ಚಿಗುರೊಡೆದು ನಾಟಾದಲ್ಲಿ ಗಂಟು ಬೀಳುತ್ತೆ, ಕೆಳಗೆ ಲಂಟಾನ ಕಳೆ ನುಗ್ಗುತ್ತೆ. ಕಡಿದ ಬುಡವೂ ಚಿಗುರುತ್ತೆ, ಅದನ್ನೂ ಸವರುತ್ತಿರಬೇಕು.