ಮೊದಲು ಯಾವುದು ಕಲಿಯಲಿ?

ರಾಯಚೂರಿನ ಅಕ್ಕನ ಮಗನಿಗೆ ವೆಬ್‌ಸೈಟ್ ಮಾಡುವ ಹುಚ್ಚು ಹಿಡಿದಿದೆ. ಗಂಜ್‌ನ, ಅಂದರೆ ಕೃಷಿ ಮಾರುಕಟ್ಟೆಯ, ಹತ್ತಿ ದರ ಅದರಲ್ಲಿ ದಿನಾ ಬದಲಾಗಬೇಕಂತೆ. "ಮಾಮಾ, ಪಿಎಚ್‌ಪಿ ಕಲೀಲಾ, ಪೈಥಾನ್ ಕಲೀಲಾ?" ಅಂತ ಕೇಳಿದ. ಎರಡೂ ಕಂಪ್ಯೂಟರ್‌ಗೆ ಕೆಲಸ ಹೇಳುವ ಪ್ರೋಗ್ರಾಮಿಂಗ್ ಭಾಷೆಗಳು. ಪಿಎಚ್‌ಪಿ ಹಳೇದಾಯ್ತು ಅಂತ ಗೆಳೆಯರು ತಲೆ ತುಂಬಿದ್ದಾರೆ.

ಹಳೇದು ನಿಜ, 1995ರದ್ದು. ಆದರೆ ವಿಕಿಪೀಡಿಯ, ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಇವತ್ತಿಗೂ ನಡೆಯುವುದು ಅದರ ಮೇಲೇ. ಪೈಥಾನ್ 1991ರದ್ದು, ಇನ್ನೂ ಹಿರಿಯ. ಅದನ್ನ ಮಾತ್ರ ಯಾರೂ ಹಳೇದು ಅನ್ನಲ್ಲ ನೋಡಿ!

ನಾನು ಪಿಎಚ್‌ಪಿ ಅಂದೆ. ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಪುಟದ ನಡುವೆಯೇ ನಾಲ್ಕು ಸಾಲು ಬರೆದರೆ, ದರ ಕೂಡಿಟ್ಟ ಡೇಟಾಬೇಸ್‌ನಿಂದ ಇವತ್ತಿನ ದರ ಎತ್ತಿ ಸರ್ವರ್ ಪುಟ ತಯಾರು ಮಾಡಿ ಕಳಿಸುತ್ತದೆ. ಕಡಿಮೆ ದುಡ್ಡಿನ ಹೋಸ್ಟಿಂಗ್‌ನಲ್ಲೂ (ವೆಬ್‌ಸೈಟ್ ಇಡುವ ಬಾಡಿಗೆ ಜಾಗ) ಓಡುತ್ತದೆ. ಪೈಥಾನ್ ಓದಲು ಸಲೀಸು, ಆದರೆ ವೆಬ್‌ಗೆ ಬಂದರೆ ಸಾಮಾನ್ಯವಾಗಿ ಜ್ಯಾಂಗೋನೋ ಫ್ಲಾಸ್ಕೋ ಅನ್ನುವ ವೆಬ್ ಚೌಕಟ್ಟನ್ನೂ (ಫ್ರೇಮ್‌ವರ್ಕ್) ಜೊತೆಗೆ ಕಲಿಯಬೇಕು. ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಹೇಗೂ ತಪ್ಪಿದ್ದಲ್ಲ. ನಿಜ ಹೇಳಬೇಕೆಂದರೆ ಯಾವ ಭಾಷೆ ಹಿಡಿದರೂ ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಎಸ್‌ಕ್ಯೂಎಲ್‌ಗೂ ಹೊತ್ತು ಹೋಗುತ್ತದೆ.

ಎಲ್ಲಾ ಕೇಳಿ ಅವನು, "ದರ ದಿನಾ ತುಂಬೋರು ಯಾರು?" ಅಂದ. ಅಡುಗೆಮನೆಯಿಂದಲೇ ಅಕ್ಕ, "ನಿಮ್ಮಪ್ಪ ಸುಮ್ನೆ ಗಂಜ್‌ಗೆ ಹೋಗ್ತಾರಾ? ಅವರಿಗೇ ಹೇಳು" ಅಂದಳು.