ದೋಣಿಯ ಟ್ರೇಲರಿಗೆ ಡಿಸ್ಕ್ ಬ್ರೇಕ್: ಇಲ್ಲಿವರೆಗಿನ ಕೆಲಸ

ನನ್ನ ದೋಣಿಯ ಟ್ರೇಲರಿನಲ್ಲಿದ್ದದ್ದು ಹಳೆಯ ಡ್ರಮ್ ಬ್ರೇಕ್, ಅಂದರೆ ಗಾಲಿಯ ಜೊತೆ ತಿರುಗುವ ಡಬ್ಬಿಯನ್ನು ಒಳಗಿನಿಂದ ಶೂಗಳು ಒತ್ತಿ ಹಿಡಿಯುವಂಥದ್ದು. ಆ ಡ್ರಮ್ ಬಿಚ್ಚಿದ ಮೇಲೆ ರಿಪೇರಿಯ ಮಾತೇ ಉಳಿಯಲಿಲ್ಲ. ಎಡಗಾಲಿಯ ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಬಲಗಾಲಿಯಲ್ಲಿ ಶೂ ಎಳೆದು ಹಿಡಿಯುವ ಸ್ಪ್ರಿಂಗೇ ತುಂಡು. ಹಳೆಯ ಮಾಲೀಕರು ಕೊಟ್ಟ ಟ್ರೇಲರಿನಲ್ಲಿ ಬ್ರೇಕ್ ಇತ್ತು ಅನ್ನುವುದಕ್ಕಿಂತ ಬ್ರೇಕಿನ ಆಕಾರ ಇತ್ತು ಅನ್ನಬಹುದು.

ಸಿಯಾಟಲ್ ಕಡೆ ದೋಣಿ ಇಟ್ಟುಕೊಂಡವರಿಗೆ ಇದು ಹೊಸದಲ್ಲ. ಬೇಸಿಗೆ ಬಂದರೆ ಏಡಿ ಹಿಡಿಯಲು ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ಕೊಲ್ಲಿಗೆ ಹೋಗುತ್ತೇವೆ, ಅದು ಅಪ್ಪಟ ಉಪ್ಪುನೀರು. ದೋಣಿ ತೇಲಬೇಕಾದರೆ ಟ್ರೇಲರಿನ ಆಕ್ಸೆಲ್ ಪೂರ್ತಿ ಮುಳುಗಬೇಕು. ಹೈವೇಯಲ್ಲಿ ಬಿಸಿಯಾಗಿ ಬಂದ ಹಬ್ (ಬೇರಿಂಗ್ ಕೂರುವ ಗಾಲಿಯ ನಡುಭಾಗ) ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಸೀಲ್ ಸ್ವಲ್ಪ ಸವೆದಿದ್ದರೂ ಸಾಕು, ಆ ಎಳೆತಕ್ಕೆ ನೀರು ನೇರ ಬೇರಿಂಗಿಗೆ ಹೋಗುತ್ತದೆ. ಡ್ರಮ್ಮಿನೊಳಗೆ ಹೊಕ್ಕ ಉಪ್ಪು ಹೊರಗೆ ಬರಲು ದಾರಿಯೇ ಇಲ್ಲ. ಪೈಪ್ ಸಿಕ್ಕಿಸಿ ಒಳಗೆ ತೊಳೆಯುವ ಫ್ಲಶ್ ಕಿಟ್ ಸಿಗುತ್ತದೆ, ಆದರೆ ಆ ನೀರು ಅಡ್ಜಸ್ಟರಿನ ಹಲ್ಲುಗಳ ಸಂದಿಗೆಲ್ಲ ತಲುಪುತ್ತದೆ ಎಂದು ನನಗೆ ನಂಬಿಕೆಯಿಲ್ಲ. ಡಿಸ್ಕ್ ಹಾಗಲ್ಲ, ಅದರಲ್ಲಿ ರೋಟರ್ ಎಂಬ ತಟ್ಟೆಯನ್ನು ಕ್ಯಾಲಿಪರ್ ಎಂಬ ಹಿಡಿಕೆ ಪ್ಯಾಡ್‌ಗಳಿಂದ ಎರಡೂ ಬದಿ ಅದುಮುತ್ತದೆ, ಎಲ್ಲ ಹೊರಗೇ ಇರುತ್ತದೆ. ಮನೆಗೆ ಬಂದ ಕೂಡಲೇ ಗಾಲಿಯ ಕಡ್ಡಿಗಳ ಸಂದಿಯಿಂದ ಪೈಪು ಹಿಡಿದರೆ ಎಲ್ಲವೂ ಕಣ್ಣೆದುರೇ ತೊಳೆದುಹೋಗುತ್ತದೆ. ನಾನು ಡಿಸ್ಕ್ ಆರಿಸಿದ್ದಕ್ಕೆ ಮುಖ್ಯ ಕಾರಣ ಇದು. ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ ಎನ್ನುವುದು ಆಮೇಲಿನದು.

ದೋಣಿ, ಎಂಜಿನ್, ಪೆಟ್ರೋಲ್, ಟ್ರೇಲರ್ ಸೇರಿದರೆ ತೂಕ 3,000 ಪೌಂಡ್ ದಾಟುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ ಅಷ್ಟು ತೂಕಕ್ಕೆ ಬ್ರೇಕ್ ಕಡ್ಡಾಯ. ಕಾನೂನು ಹಾಗಿರಲಿ, ಸ್ಟೀವನ್ಸ್ ಪಾಸ್ ಎಂಬ ಘಾಟಿ 4,061 ಅಡಿ ಎತ್ತರದಲ್ಲಿದೆ. ಚೆಲಾನ್ ಸರೋವರಕ್ಕೆ ಹೋಗಿ ಬರುವಾಗ ಆ ಇಳಿಜಾರು ಇಳಿಯಲೇಬೇಕು.

ಆಕ್ಸೆಲ್ 3,500 ಪೌಂಡಿನದು. ಪುಣ್ಯಕ್ಕೆ ನಾಲ್ಕು ತೂತಿನ ಬ್ರೇಕ್ ಫ್ಲೇಂಜ್ ಬೆಸುಗೆ ಹಾಕಿಯೇ ಬಂದಿತ್ತು, ಕ್ಯಾಲಿಪರ್ ಬ್ರಾಕೆಟ್ ನೇರ ಕೂತಿತು. ಹಬ್ ಮತ್ತು ರೋಟರ್ ಒಂದೇ ತುಂಡಾಗಿರುವ ಕಿಟ್ ತಗೊಂಡೆ, ಬೇರಿಂಗ್ ಹೇಗೂ ಬದಲಾಗಬೇಕಿತ್ತಲ್ಲ. ಒಳಗಿನ ಬೇರಿಂಗಿನ ನಂಬರ್ ಎಲ್68149, ಹೊರಗಿನದು ಎಲ್44649. ಈ ಅಳತೆಯ ಸ್ಪಿಂಡಲಿಗೆ (ಹಬ್ ಕೂರುವ ಆಕ್ಸೆಲಿನ ತುದಿಗೆ) ಎಲ್ಲ ಅಂಗಡಿಯಲ್ಲೂ ಸಿಗುವ ಜೋಡಿ. ಕೊಳ್ಳುವ ಮೊದಲು ಗಾಲಿಯ ಒಳಸುತ್ತು ಅಳೆಯಿರಿ, ಸಣ್ಣ ರಿಮ್ಮಿನೊಳಗೆ ಕ್ಯಾಲಿಪರ್ ಹಿಡಿಸುವುದಿಲ್ಲ.

ಗಾಲಿಯ ಕಡೆ ಕೆಲಸ ಸುಲಭ. ತಲೆ ಕೆಡಿಸಿಕೊಳ್ಳಬೇಕಾದ್ದು ಮುಂದೆ, ಟ್ರೇಲರನ್ನು ಗಾಡಿಗೆ ಸಿಕ್ಕಿಸುವ ಹಿಚ್ಚಿನ ಹತ್ತಿರ.

ಇದು ಸರ್ಜ್ ಬ್ರೇಕ್. ಮುಂದಿನ ಗಾಡಿ ನಿಧಾನವಾದಾಗ ಟ್ರೇಲರ್ ತನ್ನ ಭಾರದಿಂದಲೇ ಮುಂದೆ ನುಗ್ಗುತ್ತದೆ, ಹಿಚ್ಚಿಗೆ ಕೂರುವ ಕಪ್ಲರ್ ಒಳಗೆ ಜಾರಿ, ಬ್ರೇಕ್ ಆಯಿಲನ್ನು ಗಾಲಿಗೆ ನೂಕುವ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ. ಇವೆಲ್ಲ ಸೇರಿದ ಭಾಗವೇ ಆಕ್ಚುಯೇಟರ್. ಕರೆಂಟೂ ಬೇಡ, ಕ್ಯಾಬಿನ್‌ನಲ್ಲಿ ಕಂಟ್ರೋಲರೂ ಬೇಡ. ಡ್ರಮ್ಮಿಗೆಂದು ಮಾಡಿದ ಹಳೆಯ ಆಕ್ಚುಯೇಟರಿಗೇ ಡಿಸ್ಕ್ ಜೋಡಿಸಿ ಹಣ ಉಳಿಸುವವರಿದ್ದಾರೆ. ನನಗೆ ಅದು ಸರಿ ಕಾಣಲಿಲ್ಲ, ಎರಡು ಕಾರಣಕ್ಕೆ. ಡಿಸ್ಕಿಗೆ ಒತ್ತಡ ಜಾಸ್ತಿ ಬೇಕು. ಅಷ್ಟೇ ನೂಕುವಿಕೆಯಿಂದ ಹೆಚ್ಚು ಒತ್ತಡ ಬರಬೇಕಾದರೆ ಸಿಲಿಂಡರಿನ ಬಾಯಿ ಕಿರಿದಾಗಿರಬೇಕು. ಇನ್ನೊಂದು, ಡ್ರಮ್ಮಿನ ಮಾಸ್ಟರ್ ಸಿಲಿಂಡರಿನಲ್ಲಿ ಪೈಪಿನೊಳಗೆ ಸುಮಾರು 10 ಪಿಎಸ್‌ಐ (ಚದರ ಇಂಚಿಗೆ 10 ಪೌಂಡ್) ಒತ್ತಡ ಯಾವಾಗಲೂ ಉಳಿಸುವ ವಾಲ್ವ್ ಇರುತ್ತದೆ. ಡ್ರಮ್ಮಿನಲ್ಲಿ ಶೂಗಳನ್ನು ಹಿಂದಕ್ಕೆ ಎಳೆಯಲು ಸ್ಪ್ರಿಂಗ್ ಇದೆ, ನಡೆಯುತ್ತದೆ. ಡಿಸ್ಕಿನಲ್ಲಿ ಸ್ಪ್ರಿಂಗ್ ಎಲ್ಲಿಂದ ಬರಬೇಕು? ಪ್ಯಾಡ್ ದಾರಿಯುದ್ದಕ್ಕೂ ಉಜ್ಜುತ್ತಲೇ ಇರುತ್ತದೆ. ಹಾಗಾಗಿ ಆಕ್ಚುಯೇಟರ್ ಇಡಿಯಾಗಿ ಡಿಸ್ಕಿನದ್ದೇ ಹಾಕಿದೆ.

ಅದರ ಜೊತೆ ರಿವರ್ಸ್ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ನಡೆಯುವ ವಾಲ್ವ್, ಬರುತ್ತದೆ. ಟ್ರೇಲರ್ ಹಿಂದಕ್ಕೆ ನೂಕಿದರೂ ಕಪ್ಲರ್ ಒತ್ತುತ್ತದೆ, ಬ್ರೇಕ್ ಹಿಡಿಯುತ್ತದೆ. ಹಳೆಯ ಫ್ರೀ ಬ್ಯಾಕಿಂಗ್ ಡ್ರಮ್ಮಿನಲ್ಲಿ ಗಾಲಿ ಹಿಂದಕ್ಕೆ ತಿರುಗಿದರೆ ಶೂ ತಾನೇ ಸಡಿಲ ಬಿಡುತ್ತಿತ್ತು. ಡಿಸ್ಕಿಗೆ ಮುಂದೂ ಒಂದೇ ಹಿಂದೂ ಒಂದೇ. ಅದಕ್ಕೇ ನಾಲ್ಕು ತಂತಿಯ ಪ್ಲಗ್ ತೆಗೆದು ಐದು ತಂತಿಯದು ಹಾಕಿದ್ದು. ಐದನೆಯ ನೀಲಿ ತಂತಿ ಗಾಡಿಯ ರಿವರ್ಸ್ ಲೈಟಿನಿಂದ ಕರೆಂಟ್ ತರುತ್ತದೆ, ಸೊಲೆನಾಯ್ಡ್ ಬ್ರೇಕ್ ಆಯಿಲ್ ಗಾಲಿಗೆ ಹೋಗದಂತೆ ತಡೆಯುತ್ತದೆ. ಗಾಡಿಯಲ್ಲಿ ಏಳು ಪಿನ್ನಿನ ಸಾಕೆಟ್ ಇದ್ದರೆ ನಟ್ಟನಡುವಿನ ಪಿನ್ ಸಾಮಾನ್ಯವಾಗಿ ರಿವರ್ಸಿನದೇ, ಆದರೂ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿಯೇ ಜೋಡಿಸಿ. ಅರ್ತ್ ತಂತಿಯನ್ನು ಬಾಲ್ ಹಿಚ್ಚಿನ ಕಬ್ಬಿಣಕ್ಕೆ ನಂಬಿ ಬಿಡದೆ ಬೇರೆಯಾಗಿಯೇ ಎಳೆದಿದ್ದೇನೆ.

ಬ್ರೇಕ್ ಪೈಪು ಪೂರ್ತಿ ಹೊಸದು. ಹಳೆಯ ಉಕ್ಕಿನ ಪೈಪು ಹೊರಗೆ ಚೆನ್ನಾಗೇ ಕಾಣುತ್ತಿತ್ತು, ಕ್ಲಾಂಪಿನ ಅಡಿಯಲ್ಲಿ ನೀರು ನಿಂತ ಕಡೆ ಮಾತ್ರ ಕಾಗದದಷ್ಟು ತೆಳ್ಳಗಾಗಿತ್ತು. ಈಗ 3/16 ಇಂಚಿನ ತಾಮ್ರ-ನಿಕ್ಕಲ್ ಮಿಶ್ರಲೋಹದ್ದು. ಕೈಯಲ್ಲೇ ಬಗ್ಗುತ್ತದೆ, ಪೈಪಿನ ತುದಿಯನ್ನು ಅಗಲಿಸಿ ಮಡಿಸುವ ಡಬಲ್ ಫ್ಲೇರ್ ಸೀಳದೆ ಬರುತ್ತದೆ. ಫ್ರೇಮಿನಿಂದ ಆಕ್ಸೆಲಿಗೆ ಇಳಿಯುವ ರಬ್ಬರ್ ಹೋಸ್ ಕೂಡ ಬದಲಾಯಿಸಿದೆ. ಹಳೆಯದು ಒಳಗೆ ಊದಿಕೊಂಡರೆ ಆಯಿಲ್ ಹೋಗಲು ಬಿಟ್ಟು ವಾಪಸ್ ಬರಲು ಬಿಡುವುದಿಲ್ಲ.

ಬ್ರೇಕ್ ಪೈಪಿನೊಳಗಿನ ಏರ್ ತೆಗೆಯುವ ದಿನ ಮಗಳಿಗೆ ಬಾಟಲಿ ಹಿಡಿಯುವ ಕೆಲಸ. ದೂರದ ಗಾಲಿಯಿಂದ ಶುರು, ನಾನು ಮುಂದೆ ಸ್ಕ್ರೂಡ್ರೈವರಿನಿಂದ ಮಾಸ್ಟರ್ ಸಿಲಿಂಡರಿನ ಪುಶ್ ರಾಡ್ ಒತ್ತುವುದು. "ಅಪ್ಪಾ, ಇನ್ನೂ ಗುಳ್ಳೆ ಬರ್ತಾನೇ ಇದೆ." ಕ್ಯಾಲಿಪರಿನಿಂದ ಗಾಳಿ ಹೊರಬಿಡುವ ಬ್ಲೀಡರ್ ಸ್ಕ್ರೂ ಮೇಲ್ತುದಿಯಲ್ಲೇ ಇರಬೇಕು. ಎಡ ಬಲ ಅದಲುಬದಲಾದರೆ ಗಾಳಿ ಮೇಲೆ ಕೂತು ಹೊರಗೇ ಬರುವುದಿಲ್ಲ. ನಮ್ಮದು ಸರಿಯಾಗಿಯೇ ಇತ್ತು, ತಾಳ್ಮೆ ಬೇಕಿತ್ತು ಅಷ್ಟೇ. ಹಾಕಿದ ಬ್ರೇಕ್ ಆಯಿಲ್ ಡಾಟ್ 3 ದರ್ಜೆಯದು. ಸಿಲಿಕೋನಿನ ಡಾಟ್ 5 ಇದರ ಜೊತೆ ಬೆರೆಯುವುದಿಲ್ಲ.

ಖಾಲಿ ರಸ್ತೆಯಲ್ಲಿ ಮೆಲ್ಲಗೆ ಬ್ರೇಕ್ ಹಾಕುತ್ತಾ ಪ್ಯಾಡ್ ಕೂರಿಸಿದ್ದಾಯಿತು. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿದರೆ ಎರಡೂ ರೋಟರ್ ಹೆಚ್ಚುಕಡಿಮೆ ಒಂದೇ ಬಿಸಿ. ಮನೆ ಮುಂದಿನ ಏರಿನಲ್ಲಿ ರಿವರ್ಸ್ ಹಾಕಿದರೆ ಸೊಲೆನಾಯ್ಡ್ ಟಕ್ಕೆನ್ನುತ್ತದೆ, ಟ್ರೇಲರ್ ತಕರಾರಿಲ್ಲದೆ ಮೇಲೇರುತ್ತದೆ. ಉಳಿದಿರುವುದು ಇಷ್ಟು: 50 ಮೈಲಿ ಓಡಿಸಿದ ಮೇಲೆ ಗಾಲಿಯ ನಟ್ಟುಗಳನ್ನು ಮತ್ತೆ ಟಾರ್ಕ್ ಮಾಡಬೇಕು, ಟ್ರೇಲರ್ ಗಾಡಿಯಿಂದ ಕಳಚಿಕೊಂಡರೆ ಬ್ರೇಕ್ ಎಳೆಯುವ ಬ್ರೇಕ್‌ಅವೇ ಕೇಬಲ್ಲಿಗೆ ಸರಿಯಾದ ಉದ್ದ ನೋಡಬೇಕು. ಈಗಿನದು ತಿರುವಿನಲ್ಲಿ ಬಿಗಿಯಾಗುತ್ತಿದೆ, ಅದನ್ನು ಬದಲಿಸುವ ತನಕ ದೋಣಿ ಅಂಗಳ ಬಿಡುವುದಿಲ್ಲ.