ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಫೋನಿನಲ್ಲಿ ಯಾಕಿಲ್ಲ?

ಹುಬ್ಬಳ್ಳಿ, 2025 ಜೂನ್ 14, ಶನಿವಾರ

ಬ್ಯಾಡಗಿ ಮೆಣಸಿನಕಾಯಿ ದರದ ಆ್ಯಪ್‌ಗೆ ಹೊಸದಾಗಿ ಸೇರುವವರಿಗಾಗಿ ಈ ಟಿಪ್ಪಣಿ. ಲ್ಯಾಪ್‌ಟಾಪಿನಲ್ಲಿ ಓಡುವುದು ಇಷ್ಟು: ಡಾಕರ್‌ನಲ್ಲಿ (ಪ್ರೋಗ್ರಾಮನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಸಾಧನ) ಪೋಸ್ಟ್‌ಗ್ರೆಸ್ ಡೇಟಾಬೇಸ್, 3000ನೇ ಪೋರ್ಟಿನಲ್ಲಿ (ಯಂತ್ರದ ಬಾಗಿಲು ಸಂಖ್ಯೆ) ಆ್ಯಪ್‌ಗೆ ದರ ಕೊಡುವ ಸರ್ವರ್ ಆದ ನೋಡ್ ಎಪಿಐ, 5173ರಲ್ಲಿ ವೀಟ್ ವೆಬ್ (ಬ್ರೌಸರಿನ ಆ್ಯಪ್), 8081ರಲ್ಲಿ ಫೋನ್ ಆ್ಯಪ್‌ಗೆ ಕೋಡ್ ಕಳಿಸುವ ಎಕ್ಸ್‌ಪೋದ ಮೆಟ್ರೋ. ಪ್ಯಾಕೇಜಿಗೆ (ಆ್ಯಪ್ ಬಳಸುವ ಸಿದ್ಧ ಕೋಡ್) ಎನ್‌ಪಿಎಂ ಇನ್‌ಸ್ಟಾಲ್ ಬೇಡ, ಎನ್‌ಪಿಎಂ ಸಿಐ ಕೊಡ್ರಿ. ಲಾಕ್ ಫೈಲಿನಲ್ಲಿದ್ದ ಆವೃತ್ತಿಗಳೇ ಬರುತ್ತವೆ. ಇಲ್ಲಿಯವರೆಗೆ ತಲೆನೋವಿಲ್ಲ.

ಹೊತ್ತು ತಿನ್ನುವುದು ವಿಳಾಸ. ಲೋಕಲ್‌ಹೋಸ್ಟ್ ಅಂದರೆ ಕೇಳುತ್ತಿರುವ ಯಂತ್ರವೇ. ಆಂಡ್ರಾಯ್ಡ್ ಎಮ್ಯುಲೇಟರ್ (ಲ್ಯಾಪ್‌ಟಾಪಿನೊಳಗಿನ ನಕಲಿ ಫೋನ್) ಹಾಗೆ ಕೇಳಿದರೆ ತನ್ನನ್ನೇ ತಾನು ಹುಡುಕಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಸಿಗಬೇಕಾದರೆ 10.0.2.2 ಕೊಡಬೇಕು. ಎಪಿಐಯನ್ನೂ ಡಾಕರ್ ಒಳಗೆ ಓಡಿಸುವವರು ಡೇಟಾಬೇಸ್ ವಿಳಾಸದ ಜಾಗದಲ್ಲಿ ಕಂಪೋಸ್ ಫೈಲಿನ (ಡಾಕರ್ ಏನೇನು ಓಡಿಸಬೇಕೆಂಬ ಪಟ್ಟಿ) ಸರ್ವಿಸ್ ಹೆಸರು ಹಾಕಬೇಕು.

ಕೈಯಲ್ಲಿರುವ ಫೋನಿಗೆ ಲ್ಯಾಪ್‌ಟಾಪಿನ ವೈಫೈ ಐಪಿ ಬೇಕು, ಎರಡೂ ಒಂದೇ ವೈಫೈನಲ್ಲಿರಬೇಕು. ಸರ್ವರ್ 127.0.0.1ರಲ್ಲಿ (ಲೋಕಲ್‌ಹೋಸ್ಟ್) ಮಾತ್ರ ಕೇಳುತ್ತಿದ್ದರೆ ಹೊರಗಿನವರಿಗೆ ಬಾಗಿಲು ಮುಚ್ಚಿದಂತೆ, 0.0.0.0ಗೆ, ಅಂದರೆ ಯಂತ್ರದ ಎಲ್ಲ ವಿಳಾಸಗಳಿಗೆ, ಬೈಂಡ್ ಮಾಡ್ರಿ. ವಿಂಡೋಸ್ ಆ ವೈಫೈಯನ್ನು ಪಬ್ಲಿಕ್ ಎಂದು ಗುರುತಿಸಿದ್ದರೆ ಫೈರ್‌ವಾಲ್ ಅಡ್ಡ ಬರಬಹುದು, ಪ್ರೈವೇಟ್‌ಗೆ ಬದಲಿಸಿ. ಆ್ಯಪ್ ಕೋಡ್ ಕೆದಕುವ ಮೊದಲು ಫೋನಿನ ಬ್ರೌಸರ್‌ನಲ್ಲಿ ಎಪಿಐ ತೆರೆದು ನೋಡಿ. ಅಲ್ಲಿ ತೆರೆದು, ಆ್ಯಪ್‌ನಲ್ಲಿ ಮಾತ್ರ ನೆಟ್‌ವರ್ಕ್ ಎರರ್ ಬಂದರೆ ಗುಮಾನಿ ಎಚ್‌ಟಿಟಿಪಿ ಮೇಲೆ: ಆಂಡ್ರಾಯ್ಡ್ 9ರಿಂದ ಸಾದಾ ಎಚ್‌ಟಿಟಿಪಿಗೆ ತಾನಾಗಿಯೇ ತಡೆ ಇದೆ. ಡೆವಲಪ್‌ಮೆಂಟ್ ಬಿಲ್ಡ್‌ಗೆ ಮಾತ್ರ ಕ್ಲಿಯರ್‌ಟೆಕ್ಸ್ಟ್ (ಸಾದಾ ಎಚ್‌ಟಿಟಿಪಿ) ಅನುಮತಿ ಕೊಡಿ, ರಿಲೀಸ್‌ಗೆ ಬೇಡವೇ ಬೇಡ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ರೌಟರ್ ಅದೇ ಐಪಿ ಕೊಡುತ್ತದೆಂಬ ಖಾತ್ರಿ ಇಲ್ಲ. ಅದಕ್ಕೇ ಯುಎಸ್‌ಬಿ ಕೇಬಲ್ ವಾಸಿ. ಎಡಿಬಿ ರಿವರ್ಸ್ (ಫೋನಿನ ಪೋರ್ಟನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಆಂಡ್ರಾಯ್ಡ್ ಕಮಾಂಡ್) ಕೊಟ್ಟು 3000, 8081 ಎರಡನ್ನೂ ತಿರುಗಿಸಿದರೆ ಫೋನಿನಲ್ಲೂ ಲೋಕಲ್‌ಹೋಸ್ಟ್ ನಡೆಯುತ್ತದೆ, ವೈಫೈ ಹಂಗಿಲ್ಲ. ಕೇಬಲ್ ಕಿತ್ತರೆ ಆ ಕಮಾಂಡ್ ಮತ್ತೆ ಕೊಡಬೇಕು, ಅಷ್ಟೇ.

ಇದಕ್ಕೆ ಉಲ್ಟಾ, ಫೋನಿನಲ್ಲಿ ದರ ಬಂದು ವೆಬ್‌ನಲ್ಲಿ ಬರದಿದ್ದರೆ ಅದು ಹೆಚ್ಚಾಗಿ ಸಿಒಆರ್‌ಎಸ್: ಒಂದು ವಿಳಾಸದ ಪುಟ ಇನ್ನೊಂದು ವಿಳಾಸದ ಡೇಟಾ ಓದಲು ಆ ಸರ್ವರಿನ ಅನುಮತಿ ಬೇಕೆಂಬ ನಿಯಮ. ಆ ಕಟ್ಟುಪಾಡು ಬ್ರೌಸರಿಗೆ ಮಾತ್ರ. ಎಪಿಐ ಅನುಮತಿಸುವ ಒರಿಜಿನ್‌ನಲ್ಲಿ (ಪುಟದ ವಿಳಾಸ) 5173 ಪೋರ್ಟೂ ಸೇರಿರಬೇಕು.

ಪೋಸ್ಟ್‌ಗ್ರೆಸ್ ಪಾಸ್‌ವರ್ಡನ್ನು ಎನ್ವ್ ಫೈಲಿನಲ್ಲಿ (ಸೆಟ್ಟಿಂಗ್‌ಗಳ ಫೈಲ್) ಬದಲಿಸಿದರೂ ಹಳೆಯದೇ ನಡೆಯುತ್ತದೆ, ಯಾಕೆಂದರೆ ಡೇಟಾ ಫೋಲ್ಡರ್ ಖಾಲಿ ಇದ್ದಾಗ, ಅಂದರೆ ಮೊದಲ ಸಲ ಮಾತ್ರ, ಇಮೇಜ್ (ಕಂಟೇನರಿನ ಅಚ್ಚು) ಅದನ್ನು ಓದುತ್ತದೆ. ವಾಲ್ಯೂಮ್ (ಆ ಡೇಟಾ ಇರುವ ಜಾಗ) ಅಳಿಸಿ ಮತ್ತೆ ಎಬ್ಬಿಸಬೇಕು; ಡೇಟಾ ಪೂರ್ತಿ ಹೋಗುತ್ತದೆ, ಮಾದರಿ ಡೇಟಾ ತುಂಬುವ ಸೀಡ್ ಸ್ಕ್ರಿಪ್ಟ್ ಮತ್ತೆ ಓಡಿಸಿ. ಕಂಪೋಸ್ ಫೈಲಿನಲ್ಲಿ ಎಪಿಐಗೆ ಡಿಪೆಂಡ್ಸ್ ಆನ್ ಎಂದಷ್ಟೇ ಬರೆದರೆ ಕಂಟೇನರ್ ಶುರುವಾಗುವುದನ್ನು ಮಾತ್ರ ಕಾಯುತ್ತದೆ, ಡೇಟಾಬೇಸ್ ಸಿದ್ಧವಾಗುವುದನ್ನಲ್ಲ. ಹೆಲ್ತ್‌ಚೆಕ್ (ಸಿದ್ಧವೇ ಎಂಬ ಪರೀಕ್ಷೆ) ಸೇರಿಸಿ, ಅದು ಪಾಸಾಗುವವರೆಗೆ ಕಾಯುವ ಷರತ್ತನ್ನೂ ಹಾಕಿ.

ಕಂಟೇನರಿನ ಹೊತ್ತು ಯುಟಿಸಿ, ನಮ್ಮ ಗಡಿಯಾರಕ್ಕಿಂತ ಐದೂವರೆ ತಾಸು ಹಿಂದೆ. ಬೆಳಗಿನ 5.30ರೊಳಗೆ ಸೇರಿದ ದರ ಹಿಂದಿನ ದಿನದ ಲೆಕ್ಕಕ್ಕೆ ಬೀಳುತ್ತದೆ. ಸೀಡ್ ಫೈಲಿನಲ್ಲಿ ಬ್ಯಾಡಗಿಯ ಡಬ್ಬಿ, ಕಡ್ಡಿ ತಳಿಗಳೆರಡೂ ಇರಲಿ, ಈ ದಿನದ ತಪ್ಪು ಕಣ್ಣಿಗೆ ಬೀಳಲು ಒಂದು ಸಾಲಿಗಾದರೂ ನಸುಕಿನ 4 ಗಂಟೆಯ ಹೊತ್ತು ಹಾಕಿಡಿ.